ಬರೀ ಎಂಬಿಬಿಎಸ್ಸಾ? ಮುಂದೆ ಎಂತ?

ರಿಪ್ಪನ್‌ಪೇಟೆಯ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ಎದುರು ಸಾಲಿನಿಂದ ದೊಡ್ಡಮ್ಮನ ಪ್ರಶ್ನೆ ಬಂತು.

"ಓದು ಮುಗೀತಂತಲ್ಲ ಮಗಾ, ಎಂತ ಡಾಕ್ಟ್ರು ನೀನು?"

"ಎಂಬಿಬಿಎಸ್ ಆಯ್ತು ದೊಡ್ಡಮ್ಮ."

"ಅದು ಗೊತ್ತು ಮಾರಾಯ್ತಿ. ಹಾರ್ಟಿಂದಾ, ಮಕ್ಕಳದ್ದಾ, ಕಣ್ಣಿಂದಾ?"

"ಇನ್ನೂ ಯಾವ್ದೂ ಅಲ್ಲ."

"ಓ... ಬರೀ ಎಂಬಿಬಿಎಸ್ಸಾ" ಅಂದವರೇ ಪಾಯಸ ಬಡಿಸುವವರ ಕಡೆ ತಿರುಗಿದರು.

ಐದೂವರೆ ವರ್ಷದ ಓದಿಗೆ ಆ 'ಬರೀ' ಅನ್ನೋ ಎರಡಕ್ಷರ ಸಾಕಾಯ್ತು. ಬೇಜಾರು ಮಾಡ್ಕೊಳ್ಳಲಿಲ್ಲ. ಯಾಕೆಂದರೆ ಅದೇ ಪ್ರಶ್ನೆಯನ್ನು ನಾನೂ ದಿನಾ ರಾತ್ರಿ ಕೇಳಿಕೊಳ್ಳುತ್ತಿದ್ದೆ.

ನಾನು ಹೊಸನಗರ ತಾಲ್ಲೂಕಿನವಳು. ಮನೆ ಮುಂದೆ ಎರಡು ಎಕರೆ ಅಡಿಕೆ ತೋಟ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಕಾಡು. ಪಿಯುಸಿ ಸಾಗರದಲ್ಲಿ, ನೆಂಟರು ತೀರ್ಥಹಳ್ಳಿಯಲ್ಲಿ. ಈ ಮೂರು ತಾಲ್ಲೂಕಿನ ಆಚೆ ನನಗೆ ಪ್ರಪಂಚ ಗೊತ್ತಾಗಿದ್ದು ನೀಟ್ ಪಾಸಾದ ಮೇಲೇ. ಡಾಕ್ಟರ್ ಆಗ್ತೀನಿ ಅಂದಾಗ ಊರಿಗೆ ಊರೇ ಖುಷಿಪಟ್ಟಿತು. ಎಂತ ಡಾಕ್ಟರ್ ಅನ್ನೋದು ಆಮೇಲಿನ ತಲೆನೋವು ಅಂತ ಆಗ ಯಾರೂ ಹೇಳಲಿಲ್ಲ.

ಐವತ್ತೆರಡು ವಾರ, ಹದಿನಾಲ್ಕು ಸಂಬಂಧ

ಎರಡನೇ ವರ್ಷದಿಂದಲೇ ಬೆಳಿಗ್ಗೆ ವಾರ್ಡ್ ಶುರು. ಏಪ್ರನ್ ಜೇಬಲ್ಲಿ ಟಾರ್ಚು, ಕುತ್ತಿಗೆಗೆ ಸ್ಟೆತೋಸ್ಕೋಪು, ತಲೆಯಲ್ಲಿ ಎಂತದೂ ಇಲ್ಲ. ಮೊದಮೊದಲು ಪಾಠ ಹೇಳಿದ್ದು ರೋಗಿಗಳೇ. "ನಿನ್ನೆ ಬಂದ ಹುಡುಗ ಇಲ್ಲಿ ಒತ್ತಿ ನೋಡಿದ, ನೀನೂ ಇಲ್ಲೇ ಒತ್ತು" ಅಂತ ಒಬ್ಬ ಅಜ್ಜ ತನ್ನ ಗುಲ್ಮ ದೊಡ್ಡದಾದ ಜಾಗ ತೋರಿಸಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಅಜ್ಜನಿಗೆ ಅರ್ಧ ಮಾರ್ಕು ಸಲ್ಲಬೇಕು.

ನಾಲ್ಕೂವರೆ ವರ್ಷ ಮುಗಿದ ಮೇಲೆ ಇಂಟರ್ನ್‌ಶಿಪ್. 2021ರ ನಿಯಮದ ಪ್ರಕಾರ ಇದು 52 ವಾರದ ಸುತ್ತು. ಜನರಲ್ ಮೆಡಿಸಿನ್ 6 ವಾರ, ಸರ್ಜರಿ 6, ಹೆರಿಗೆ ಮತ್ತು ಸ್ತ್ರೀರೋಗ 7, ಮಕ್ಕಳ ವಿಭಾಗ 3. ಮನೋರೋಗ, ಅರಿವಳಿಕೆ, ಮೂಳೆ, ಕಿವಿ-ಮೂಗು-ಗಂಟಲು, ಕಣ್ಣು, ಕ್ಯಾಶುಯಾಲಿಟಿ ಎಲ್ಲಕ್ಕೂ ಎರಡೆರಡು ವಾರ. ಚರ್ಮ ಒಂದು, ಫೊರೆನ್ಸಿಕ್ ಒಂದು, ನಮ್ಮ ಆಯ್ಕೆಗೆ ನಾಲ್ಕು. ಎಲ್ಲಕ್ಕಿಂತ ಉದ್ದ 12 ವಾರದ ಸಮುದಾಯ ವೈದ್ಯಶಾಸ್ತ್ರ, ಅಂದರೆ ಕಮ್ಯುನಿಟಿ ಮೆಡಿಸಿನ್.

ಒಂದು ವರ್ಷದಲ್ಲಿ ಹದಿನಾಲ್ಕು ಸಂಬಂಧ ನೋಡಿದ ಹಾಗೆ ಇದು. ಎಲ್ಲಾ ಕಡೆ ಉಪ್ಪಿಟ್ಟು ತಿಂದು ಬರೋದು, ಯಾವ ಮನೆಯೂ ಪೂರ್ತಿ ಗೊತ್ತಾಗಲ್ಲ. ತಮಾಷೆ ನೋಡಿ, ಪಿಜಿ ಸೀಟಿಗೆ ಎಲ್ಲರೂ ಮುಗಿಬೀಳೋ ಎರಡು ಬ್ರಾಂಚಲ್ಲಿ ಚರ್ಮಕ್ಕೆ ಸಿಗೋದು ಒಂದೇ ವಾರ. ರೇಡಿಯಾಲಜಿ ಕಡ್ಡಾಯವೇ ಅಲ್ಲ, ಆಯ್ಕೆಯ ಪಟ್ಟಿಯಲ್ಲಿ ಒಂದು. ನೋಡದೇ ಇದ್ದ ಹುಡುಗನನ್ನೇ ಎಲ್ಲರೂ ಮದುವೆ ಆಗಬೇಕು ಅಂತಾರೆ!

ನಾನಂತೂ ಪ್ರತಿ ಪೋಸ್ಟಿಂಗಲ್ಲೂ ಪ್ರೀತಿಯಲ್ಲಿ ಬಿದ್ದೆ. ಮೂಳೆ ವಿಭಾಗದಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗೌಡರೊಬ್ಬರ ತೊಡೆಗೆ ರಾಡು ಹಾಕಿ ನಿಲ್ಲಿಸಿದ್ದು ನೋಡಿದಾಗ 'ಇದೇ ನನ್ನ ದಾರಿ' ಅನ್ನಿಸಿತು. ಹೆರಿಗೆ ವಾರ್ಡಲ್ಲಿ ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ 'ಇದು ಖಂಡಿತಾ ಅಲ್ಲ' ಅನ್ನಿಸಿ, ನಾಲ್ಕನೇ ದಿನ ನನ್ನ ಕೈಗೇ ಒಂದು ಮಗು ಬಂದಾಗ ಮತ್ತೆ ಇದೇ ಅನ್ನಿಸಿತು. ಅಮ್ಮನಿಗೆ ಫೋನಲ್ಲಿ ವಾರಕ್ಕೊಂದು ಬ್ರಾಂಚ್ ಹೇಳ್ತಿದ್ದೆ. "ನೀನು ಮೊದ್ಲು ಊಟ ಮಾಡು" ಅಂತಿದ್ದಳು.

ಆಮೇಲೆ ಒಂದು ವಿಷಯ ಹೊಳೆಯಿತು. ನನಗೆ ಇಷ್ಟವಾಗುತ್ತಿದ್ದದ್ದು ಬ್ರಾಂಚಲ್ಲ, ಆ ಯೂನಿಟ್ಟು. ಚೆನ್ನಾಗಿ ಮಾತಾಡಿಸೋ ಸೀನಿಯರ್ ಇದ್ದ ಕಡೆ ಎಲ್ಲಾ ರೋಗವೂ ಕುತೂಹಲದ್ದಾಗಿ ಕಾಣುತ್ತದೆ, ಕೂಗಾಡುವವರು ಇದ್ದ ಕಡೆ ಎಲ್ಲವೂ ಬೇಸರ. ಈಗ ಇಂಟರ್ನ್‌ಶಿಪ್ ಮಾಡುತ್ತಿರುವವರಿಗೆ ನಾನು ಹೇಳೋದು ಇಷ್ಟೇ: ಆ ಬ್ರಾಂಚಿನ ಒಳ್ಳೇ ದಿನ ನೋಡಬೇಡಿ, ಅತಿ ಬೇಜಾರಿನ ಮಂಗಳವಾರ ಮಧ್ಯಾಹ್ನ ನೋಡಿ. ಅದನ್ನು ಮೂವತ್ತು ವರ್ಷ ಸಹಿಸಬಹುದಾ ಅಂತ ಕೇಳಿಕೊಳ್ಳಿ.

ಕ್ಯಾಶುಯಾಲಿಟಿಯ ಎರಡು ವಾರ ಬೇರೆ ಥರ. ಅಲ್ಲಿ ನಮ್ಮೂರ ಕಡೆಯವರೇ ಬರುತ್ತಿದ್ದರು, ಅದರಲ್ಲೂ ಹಾವು ಕಚ್ಚಿದವರು. ಪುಸ್ತಕ ಓದಿದವರಿಗೆ ಹಾವು ಅಂದರೆ ನಾಲ್ಕು: ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕಕ್ಕೇ ಮಾಡಿದ್ದು. ಆದರೆ ಆಗುಂಬೆ, ತೀರ್ಥಹಳ್ಳಿ ಕಡೆ ತೋಟದ ತರಗೆಲೆ ನಡುವೆ ಉಬ್ಬು ಮೂಗಿನ ಗುಳಿಮಂಡಲವೂ ಇದೆ. ಅದರ ಕಡಿತಕ್ಕೆ ಈ ಮದ್ದು ನಾಟುವುದಿಲ್ಲ. ಒಣ ಗಾಜಿನ ಟ್ಯೂಬಲ್ಲಿ ಎರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಎದೆ ಧಸಕ್ ಅನ್ನುತ್ತೆ. ಆ ಇಪ್ಪತ್ತು ನಿಮಿಷ ರೋಗಿಯ ಕಡೆಯವರು ನಿಮ್ಮ ಮುಖವನ್ನೇ ನೋಡ್ತಾ ಇರ್ತಾರೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ದೇಶದಲ್ಲಿ ಮೊದಲು ಈ ಕ್ರಮ ತಂದಿದ್ದು ನಮ್ಮ ರಾಜ್ಯವೇ.

"ಒಂದು ಸೂಜಿ ಹಾಕಿ ಅಮ್ಮಾ"

ಹನ್ನೆರಡು ವಾರದ ಕಮ್ಯುನಿಟಿ ಮೆಡಿಸಿನ್ ಅಂದರೆ ನಮ್ಮ ಬ್ಯಾಚಿಗೆ ಗೊತ್ತಿದ್ದದ್ದು ಒಂದೇ ಅರ್ಥ: ನೀಟ್ ಪಿಜಿಗೆ ಓದಿಕೊಳ್ಳೋ ಸಮಯ. 200 ಪ್ರಶ್ನೆ, 800 ಮಾರ್ಕು, ಜೀವನ ಪೂರ್ತಿ ಅದರ ಮೇಲೆ. ನಾನೂ ಮೊಬೈಲಲ್ಲಿ ಪ್ರಶ್ನೆ ಬ್ಯಾಂಕ್ ತುಂಬಿಕೊಂಡೇ ಹೋದೆ. ಕಾಡಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಹೆಸರು ಬೇಡ. ಜನವರಿ ತಿಂಗಳು, ಅಡಿಕೆ ಸುಗ್ಗಿ.

ಆ ದಿನ ಮೆಡಿಕಲ್ ಆಫೀಸರ್ ಮೀಟಿಂಗಿಗೆ ಹೋಗಿದ್ದರು. ಸುಮಾರು ನಲವತ್ತೈದು ವರ್ಷದ ಹೆಂಗಸೊಬ್ಬರು ಬಂದರು. ಎರಡು ದಿನದಿಂದ ಜ್ವರ, ತಲೆ ಸಿಡಿತ, ಸೊಂಟ-ಮೀನಖಂಡ ಮುಟ್ಟಿದರೆ ಅಳುವಷ್ಟು ನೋವು. "ಒಂದು ಸೂಜಿ ಹಾಕಿ ಅಮ್ಮಾ, ನಾಳೆ ಅಡಿಕೆ ಸುಲಿಯಕ್ಕೆ ಹೋಗ್ಬೇಕು. ಮಾತ್ರೆಲಿ ಹೋಗಲ್ಲ ಇದು."

ನಮ್ಮ ಕಡೆ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ನನಗೂ 'ಈ ಹುಡುಗಿ ಎಂತ ಡಾಕ್ಟ್ರು' ಅನ್ನಿಸಿಕೊಳ್ಳೋದು ಬೇಡ ಅನ್ನಿಸಿತು. ಡೈಕ್ಲೋಫೆನಾಕ್ ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಕೈ ಹಿಡಿಯಲಿಲ್ಲ, ಬೈಯ್ಯಲೂ ಇಲ್ಲ. ಮೆಲ್ಲಗೆ ಕೇಳಿದರು:

"ಮೇಡಂ, ಇವ್ರು ದರಗಿಗೆ ಹೋಗಿದ್ರಾ ಕೇಳಿದ್ರಾ?"

ಕೇಳಿರಲಿಲ್ಲ. ಐದೂವರೆ ವರ್ಷ ಕಾಡಂಚಿನ ಮನೆಯಿಂದಲೇ ಓಡಾಡಿದ ನಾನು, ಕೊಟ್ಟಿಗೆಗೆ ದರಗು ಗುಡಿಸಿ ತರುವ ಅಮ್ಮನ ಮಗಳು, ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಹೋಗಿದ್ದರು. ವಾರದ ಹಿಂದೆ, ಮೂರು ದಿನ. ಹತ್ತಿರದಲ್ಲೇ ಮಂಗವೊಂದು ಸತ್ತ ವಾಸನೆಯೂ ಇತ್ತಂತೆ. ಆಗ ಕಣ್ಣು ಎಳೆದು ನೋಡಿದೆ, ಕೆಂಡದ ಹಾಗೆ ಕೆಂಪು. ಸಿರಿಂಜ್ ಕೆಳಗಿಟ್ಟೆ. ರಕ್ತ ತೆಗೆದು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಕಳಿಸಿದೆವು. ಬಿಳಿ ರಕ್ತಕಣ ಕಡಿಮೆ, ಪ್ಲೇಟ್ಲೆಟ್ ಕಡಿಮೆ. ಎರಡನೇ ದಿನ ವರದಿ ಬಂತು: ಮಂಗನ ಕಾಯಿಲೆ.

ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇರುತ್ತದೆ. ಪ್ಲೇಟ್ಲೆಟ್ ಇಳಿದಾಗ ಡೈಕ್ಲೋಫೆನಾಕ್, ಆಸ್ಪಿರಿನ್ ಥರದ ನೋವಿನ ಔಷಧಿ ಅದನ್ನು ಹೆಚ್ಚಿಸಬಹುದು, ಮಾಂಸಖಂಡಕ್ಕೆ ಹಾಕಿದ ಸೂಜಿಯೇ ಒಳಗೆ ರಕ್ತ ಹೆಪ್ಪುಗಟ್ಟಿಸಬಹುದು. ಇದಕ್ಕೆಂದೇ ಇರುವ ಔಷಧಿ ಇಲ್ಲ. ಪ್ಯಾರಸಿಟಮಾಲ್, ದ್ರವ, ನಿಗಾ, ಅಷ್ಟೇ. ಎಲ್ಲಾ ನಿಂತಿರೋದು ಮೊದಲ ಅನುಮಾನದ ಮೇಲೆ. ಆ ಅನುಮಾನ ನನಗೆ ಬರಲಿಲ್ಲ, ಸಿಸ್ಟರಿಗೆ ಬಂತು.

ಅವರು ಒಂದು ವಾರಕ್ಕೆ ಚೇತರಿಸಿಕೊಂಡು ಮನೆಗೆ ಹೋದರು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಈ ಕಾಯಿಲೆ ಹತ್ತರಲ್ಲಿ ಒಬ್ಬಿಬ್ಬರಿಗೆ ಎರಡನೇ ಸಲ ತಿರುಗಿ ಬರುತ್ತದೆ, ಆಗ ಮಿದುಳಿಗೆ ಕೈ ಹಾಕುತ್ತದೆ. ಇವರಿಗೂ ಬಂತು. ಜ್ವರ, ಕತ್ತು ಬಿಗಿತ, ಮಗನ ಹೆಸರೇ ನೆನಪಿಲ್ಲ. ದೊಡ್ಡಾಸ್ಪತ್ರೆಯ ಐಸಿಯುಗೆ ಹೋದರು. ರಜೆ ದಿನ ನೋಡಲು ಹೋದೆ. ನಾಲ್ಕು ದಿನ ಉಸಿರಾಟದ ಯಂತ್ರದ ಪಕ್ಕ ಕೂತು ಪ್ರತಿ ಗಂಟೆಗೂ ಒಂದೊಂದು ಸಂಖ್ಯೆ ಬದಲಾಯಿಸುತ್ತಾ ಇದ್ದ ಡಾಕ್ಟರು ಯಾರು ಅಂತ ಕೇಳಿದೆ. ಅರಿವಳಿಕೆ ವಿಭಾಗದ ಪಿಜಿ ವಿದ್ಯಾರ್ಥಿನಿ. ನನ್ನ ಎರಡು ವಾರದ ಅರಿವಳಿಕೆ ಪೋಸ್ಟಿಂಗಲ್ಲಿ ನಾನು ಹೆಚ್ಚು ಹೊತ್ತು ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತು ಸರ್ಜನ್ ಕೈಯನ್ನೇ ನೋಡಿದ್ದೆ. ತಲೆಯ ಹತ್ತಿರ ನಿಂತವರನ್ನು ನೋಡಿರಲಿಲ್ಲ.

ಆ ಅಮ್ಮ ಬದುಕಿದರು. ತಿಂಗಳುಗಟ್ಟಲೆ ಕೈ ನಡುಗುತ್ತಿತ್ತು. ಆ ವರ್ಷ ಮೆಟ್ಟುಗತ್ತಿ ಮುಂದೆ ಕೂರಲಾಗಲಿಲ್ಲ.

ಈ ಕಾಯಿಲೆಗೆ ಸ್ಪೆಷಲಿಸ್ಟ್ ಯಾರು?

ವಾಪಸ್ ಬಂದು ಪ್ರಶ್ನೆ ಬ್ಯಾಂಕ್ ಪಕ್ಕಕ್ಕಿಟ್ಟು ಮಂಗನ ಕಾಯಿಲೆಯ ಚರಿತ್ರೆ ಓದಿದೆ. ಪಿಜಿ ಪರೀಕ್ಷೆಯಲ್ಲಿ ಇದು ಒಂದು ಮಾರ್ಕಿನ ಸಾಲು, ನಮ್ಮ ಜಿಲ್ಲೆಗೆ ಎಪ್ಪತ್ತು ವರ್ಷದ ನೋವು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮೊದಲು ಹಳದಿ ಜ್ವರ ಭಾರತಕ್ಕೂ ಬಂತೇ ಅಂತ ಗಾಬರಿ. ಕೊನೆಗೆ ಸಿಕ್ಕಿದ್ದು ರಷ್ಯಾದ ಉಣ್ಣೆ-ಜ್ವರದ ವೈರಸ್‌ನ ಸಂಬಂಧಿ. ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ತಂದವಾ? 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ಹಾಕೋ ದೊಡ್ಡ ಯೋಜನೆ ಶುರು ಮಾಡಿತು. ಅದರ ಹಿಂದೆ ನಮ್ಮ ಕ್ಯಾಸನೂರಿನ ಜ್ವರವೂ ಇತ್ತು ಅಂತ ತಿಳಿದಾಗ ರೋಮಾಂಚನ ಆಯ್ತು. ಹಕ್ಕಿಗಳು ತಂದವು ಅನ್ನೋದು ಮಾತ್ರ ಸಾಬೀತಾಗಲಿಲ್ಲ.

ಹರಡುವುದು ಉಣುಗು. ಅದರ ಮರಿಗಳು ಚುರುಕಾಗುವ ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. 1969ರಲ್ಲಿ ಹೋರ್ಹೆ ಬೊಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ ಬರೆದ ಲೇಖನ ನನಗೆ ಬಹಳ ಇಷ್ಟ. ಕಾಡು ಕಡಿದು ಗದ್ದೆ ಮಾಡಿದ್ದು, ದನಗಳು ಕಾಡಿನೊಳಗೆ ಮೇಯಲು ಹೋಗಿದ್ದು, ದೊಡ್ಡ ಉಣುಗಿಗೆ ದನದ ರಕ್ತ ಸಿಕ್ಕಿ ಸಂಖ್ಯೆ ಹೆಚ್ಚಿದ್ದು, ಹೀಗೆ ಊರಿನ ಬದುಕಿನೊಂದಿಗೇ ಕಾಯಿಲೆ ಹೆಣೆದುಕೊಂಡಿದ್ದನ್ನು ಆತ ತೋರಿಸಿದ. ನಮ್ಮನೆ ಕೊಟ್ಟಿಗೆಯ ಕಥೆಯನ್ನೇ ಓದಿದ ಹಾಗಿತ್ತು.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಕಾಣಿಸಿಕೊಂಡಾಗ ನಾನು ಸಾಗರದ ಹಾಸ್ಟೆಲಲ್ಲಿ ಸೆಕೆಂಡ್ ಪಿಯುಸಿ. ಬಸ್‌ಸ್ಟ್ಯಾಂಡಲ್ಲಿ ಆ ಕಡೆಯವರ ಪಕ್ಕ ಕೂರಲೂ ಕೆಲವರು ಹೆದರುತ್ತಿದ್ದರು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಲ್ಲ ಅಂತ ಹೇಳಬೇಕಿತ್ತು, ನನಗೇ ಗೊತ್ತಿರಲಿಲ್ಲ. ವರ್ಷಗಳ ಕಾಲ ಕೊಡುತ್ತಿದ್ದ ಹಳೇ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು, ಅದರ ಬಲ ಸಾಲುತ್ತಿರಲಿಲ್ಲ. ಹೊಸ ಲಸಿಕೆಗೆ ಐಸಿಎಂಆರ್ ಕೆಲಸ ಮಾಡುತ್ತಿದೆ.

ಹಾಗಾದರೆ ಈ ಕಾಯಿಲೆಗೆ ಸ್ಪೆಷಲಿಸ್ಟ್ ಯಾರು? ಪಶುವೈದ್ಯರಾ, ಕೀಟಶಾಸ್ತ್ರದವರಾ, ಹಕ್ಕಿ ನೋಡುವವರಾ, ದರಗಿನ ಪ್ರಶ್ನೆ ಕೇಳಿದ ಸಿಸ್ಟರಾ? ದೊಡ್ಡಮ್ಮನ ಪಟ್ಟಿಯಲ್ಲಿ ಇವರು ಯಾರೂ ಇರಲಿಲ್ಲ.

ಸಾಗರ ಪಕ್ಕದ ಹಂದಿಗೋಡು ನೆನಪಾಗುತ್ತದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿ ಗುರುತಿಸಿದ, ಸೊಂಟದ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆಗೆ ಆ ಊರಿನ ಹೆಸರೇ ಅಂಟಿತು. ಚನ್ನಂಗಿ ಮತ್ತು ಛಲವಾದಿ ಸಮುದಾಯದ ಬಡ ಕುಟುಂಬಗಳಲ್ಲಿ ವಂಶದಲ್ಲೇ ಬರುವ ಕಾಯಿಲೆ ಅದು. ತಜ್ಞರ ತಂಡಗಳು ಬಂದವು, ಎಕ್ಸ್‌ರೇ ತೆಗೆದವು, ಲೇಖನ ಬರೆದವು. ನಮ್ಮ ಪಾಠದಲ್ಲಿ ಅದು ಎರಡು ಸಾಲೂ ಇರಲಿಲ್ಲ.

ಆಂಬುಲೆನ್ಸಿನಲ್ಲಿ ಎರಡು ಗಂಟೆ

ಅದೇ ಹನ್ನೆರಡು ವಾರದ ಕೊನೆಗೆ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ರಾತ್ರಿ ಹನ್ನೊಂದಕ್ಕೆ ಚೊಚ್ಚಲ ಬಸುರಿಯೊಬ್ಬಳು. ಹೆರಿಗೆ ಮುಂದಕ್ಕೆ ಹೋಗುತ್ತಿಲ್ಲ, ಮಗುವಿನ ಎದೆಬಡಿತ ಇಳಿಯುತ್ತಿದೆ. ಸಿಸೇರಿಯನ್ ಆಗಬೇಕು. ಹೆರಿಗೆ ಡಾಕ್ಟರು ಇದ್ದಾರೆ, ಥಿಯೇಟರ್ ಇದೆ, ಕರೆಂಟೂ ಇದೆ. ಇದ್ದ ಒಬ್ಬರೇ ಅರಿವಳಿಕೆ ವೈದ್ಯರು ಎಷ್ಟೋ ತಿಂಗಳ ಮೇಲೆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದರು. ಅವರದ್ದೇನು ತಪ್ಪು? ಒಬ್ಬ ಮನುಷ್ಯ 365 ದಿನ ಎಚ್ಚರ ಇರಲಾಗುತ್ತದೆಯೇ?

108 ಬಂತು. ನನ್ನನ್ನು ಜೊತೆಗೆ ಹತ್ತಿಸಿದರು. ನಮ್ಮ ಮೂರು ತಾಲ್ಲೂಕಿನಲ್ಲಿ ಎಲ್ಲಿಂದ ಹೊರಟರೂ ಶಿವಮೊಗ್ಗಕ್ಕೆ ಅರವತ್ತು-ಎಪ್ಪತ್ತು ಕಿಲೋಮೀಟರ್. ತಿರುವು, ಮಂಜು, ಎದುರಿಗೆ ಮರಳಿನ ಲಾರಿ. ಎಡಕ್ಕೆ ಮಲಗಿಸಿ, ಆಮ್ಲಜನಕ ಕೊಟ್ಟು, ಹತ್ತು ನಿಮಿಷಕ್ಕೊಮ್ಮೆ ಡಾಪ್ಲರ್ ಇಟ್ಟು ಎದೆಬಡಿತ ಎಣಿಸುತ್ತಿದ್ದೆ. ಆ ಹುಡುಗಿ ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಮಾತು ಕೇಳುತ್ತಿದ್ದಳು, "ಅಕ್ಕ, ಇದ್ಯಾ?" ಇದೆ ಅಂತಿದ್ದೆ. ಒಮ್ಮೆ ಡಾಪ್ಲರಿಗೆ ಸದ್ದೇ ಸಿಗಲಿಲ್ಲ, ಆಗಲೂ ಇದೆ ಅಂದೆ. ರಸ್ತೆಯ ಗುಂಡಿ ದಾಟಿದ ಮೇಲೆ ಮತ್ತೆ ಸಿಕ್ಕಿತು.

ಶಿವಮೊಗ್ಗದಲ್ಲಿ ಬೆನ್ನಿಗೆ ಸೂಜಿ ಕೊಟ್ಟು ಕತ್ತರಿ ಮುಟ್ಟುವವರೆಗೆ ಹದಿನೈದು ನಿಮಿಷವೂ ಆಗಲಿಲ್ಲ. ಆ ಹದಿನೈದು ನಿಮಿಷಕ್ಕಾಗಿ ನಾವು ಎರಡು ಗಂಟೆ ಓಡಿದ್ದೆವು. ಮಗು ತಕ್ಷಣ ಅಳಲಿಲ್ಲ. ಆಮೇಲೆ ಅತ್ತಿತು. ನಾನು ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ, ಅದು ಬೇರೆ ವಿಷಯ.

ಗುಡ್ಡದ ಮೇಲಿನ ಸಿಗ್ನಲ್

ನೀಟ್ ಪಿಜಿ ಬರೆದೆ. ರ‍್ಯಾಂಕು ಅತಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ರೇಡಿಯಾಲಜಿ, ಚರ್ಮ ಕನಸಲ್ಲೂ ಇಲ್ಲ. ಖಾಸಗಿ ಸೀಟಿನ ಮಾತು ಎತ್ತುವ ಹಾಗೇ ಇಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಫಸಲು ಎಷ್ಟು ಇಳಿದಿದೆ ಅನ್ನೋದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಜನರಲ್ ಮೆಡಿಸಿನ್ ಅಂಚಿನಲ್ಲಿ ಸಿಗಬಹುದು, ಸಿಗದಿರಬಹುದು. ಅರಿವಳಿಕೆ ಸಿಗುತ್ತದೆ. ಕಮ್ಯುನಿಟಿ ಮೆಡಿಸಿನ್ ಖಂಡಿತಾ ಸಿಗುತ್ತದೆ. ದೇಶದಲ್ಲಿ ಇಂಥ ವಿಭಾಗಗಳ ಸೀಟು ಖಾಲಿ ಉಳಿಯೋದು ಹೊಸದಲ್ಲ, 2023ರಲ್ಲಂತೂ ಸೀಟು ತುಂಬಿಸಲು ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದ್ದರು.

ಬ್ಯಾಚಿನ ಗ್ರೂಪಲ್ಲಿ ದಿನಾ ಚರ್ಚೆ. "ಒಂದು ವರ್ಷ ಬಿಟ್ಟು ಮತ್ತೆ ಬರಿ." "ಅರಿವಳಿಕೆಯಲ್ಲಿ ಹೆಸರಿಲ್ಲ, ರೋಗಿಗೆ ನಿನ್ನ ಮುಖವೇ ನೆನಪಿರಲ್ಲ." "ಎಮರ್ಜೆನ್ಸಿ ಕಾಲ್ ಅಂತ ರಾತ್ರಿ ಎಲ್ಲಾ ಓಡಬೇಕು." ಎಲ್ಲವೂ ನಿಜ. ಕಮ್ಯುನಿಟಿ ಮೆಡಿಸಿನ್ ಬಗ್ಗೆ ಮನಸ್ಸು ತೂಗಿದ್ದು ಸುಳ್ಳಲ್ಲ. ಉಣುಗಿನ ಹಿಂದೆ ಹೋಗುವವರು ಬೇಕೇ ಬೇಕು. ಆದರೆ ಪ್ರಾಮಾಣಿಕವಾಗಿ ಹೇಳ್ತೀನಿ, ನನಗೆ ವರದಿ ಬರೆಯುವ ತಾಳ್ಮೆ ಇಲ್ಲ. ಬೇಜಾರಿನ ಮಂಗಳವಾರದ ಪರೀಕ್ಷೆಯಲ್ಲಿ ನಾನು ಅಲ್ಲಿ ಫೇಲು. ಮಾನಿಟರ್ ಮುಂದೆ ಗಂಟೆಗಟ್ಟಲೆ ಕೂರಬಲ್ಲೆ ಅಂತ ಮಾತ್ರ ಆ ಆಂಬುಲೆನ್ಸಲ್ಲಿ ಗೊತ್ತಾಗಿತ್ತು.

ಆಯ್ಕೆ ತುಂಬುವ ಕೊನೇ ದಿನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಸಿಗ್ನಲ್ ಸಿಗುವ ಬಂಡೆ ಒಂದಿದೆ, ಊರವರೆಲ್ಲ ಅಲ್ಲೇ ಫೋನ್ ಮಾಡೋದು. ಅಪ್ಪಯ್ಯನೂ ಜೊತೆಗೆ ಬಂದರು.

"ಯಾವ್ದು ಹಾಕ್ತಾ ಇದೀಯ?"

"ಅರಿವಳಿಕೆ ಮೊದ್ಲು. ಮೆಡಿಸಿನ್ ಎರಡ್ನೇದು."

"ಅಂದ್ರೆ ಪ್ರಜ್ಞೆ ತಪ್ಪಿಸೋ ಡಾಕ್ಟ್ರಾ?"

"ಹ್ಞೂಂ. ವಾಪಸ್ ಬರ್ಸೋದೂ ನಾವೇ ಅಪ್ಪಯ್ಯ."

ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು. "ಬೋರ್ಡ್ ಹಾಕಿ ಕ್ಲಿನಿಕ್ ಇಡಕ್ಕಾಗಲ್ಲ ಅಲ್ದಾ ಹಂಗಾರೆ?"

"ಆಗಲ್ಲ."

"ನಿನ್ನ ದೊಡ್ಡಮ್ಮಂಗೆ ನೀನೇ ಹೇಳು, ನಂಗಾಗಲ್ಲ" ಅಂದರು. ನಗು ಬಂತು, ಅವರಿಗೂ. ಲಾಕ್ ಬಟನ್ ಒತ್ತಿದೆ. ಎರಡು ಸಲ ಸುತ್ತಿ ಮೂರನೇ ಸಲಕ್ಕೆ ಆಯ್ತು.

ಸೀಟು ಸಿಕ್ಕಿದೆ. ಹೊರಡೋ ಮುಂಚೆ ಒಂದು ಕೆಲಸ ಬಾಕಿ ಇತ್ತು. ಬೆಂಗಳೂರಲ್ಲಿ ಕೂತು ಇದನ್ನು ಓದುತ್ತಿರುವ ಮಲೆನಾಡಿನ ಮಕ್ಕಳಿಗೂ ಅದೇ ಕೆಲಸ ಇದೆ. ಡಿಸೆಂಬರ್ ಬಂತು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಮೀಯಬೇಕು, ಬಟ್ಟೆ ಅವತ್ತೇ ನೆನೆಹಾಕಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳದಿದ್ದರೂ 'ಕಾಡಿಗೆ ಹೋಗಿದ್ದೆ' ಅಂತ ಹೇಳಬೇಕು. ಅಪ್ಪ-ಅಮ್ಮನಿಗೆ ಫೋನ್ ಮಾಡಿ ಹೇಳಿ. ವಾರಾಂತ್ಯಕ್ಕೆ ಚಾರಣಕ್ಕೆ ಬರುವ ನಿಮ್ಮ ಗೆಳೆಯರಿಗೂ ಹೇಳಿ.

ನಮ್ಮೂರ ಆಶಾ ಅಕ್ಕ ಮೊನ್ನೆ ಎಣ್ಣೆ ಬಾಟ್ಲಿ ಕೊಟ್ಟು ಹೋಗಿದ್ದರು. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಜೋಪಾನವಾಗಿ ಎತ್ತಿಟ್ಟಿದ್ದಳು. "ಎತ್ತಿಡಕ್ಕಲ್ಲ ಅಮ್ಮ ಕೊಟ್ಟಿದ್ದು" ಅಂತ ತಂದು ಕೊಟ್ಟಿಗೆ ಬಾಗಿಲ ಮೊಳೆಗೆ, ದರಗಿನ ಬುಟ್ಟಿ ನೇತು ಹಾಕುವ ಕಡೆಯೇ, ದಾರ ಕಟ್ಟಿ ತೂಗು ಹಾಕಿದೆ.

"ವಾಸ್ನೆ ಕಣೇ ಅದು" ಅಂದಳು. ಆದರೂ ಮರುದಿನ ಬೆಳಿಗ್ಗೆ ನೋಡಿದಾಗ ಬಾಟ್ಲಿ ಎರಡು ಬೆರಳು ಇಳಿದಿತ್ತು.